ದಿಬ್ಬದಾಚೆ ಎಡಕ್ಕೆ ಕೊಳ

ಬೆಳಗ್ಗೆ ಏಳೂವರೆಗೆ ಸಿಮೆಂಟ್ ವ್ಯಾಪಾರಿಯ ಚೆಂಡು ಒಂದನೆಯ ಕುಳಿಯ ಕೊಳಕ್ಕೆ ಬಿತ್ತು. ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣ ಚೆಂಡು ಅದು. ಆದರೆ ಅದು ಎಬ್ಬಿಸಿದ ಅಲೆ ಐದೇ ನಿಮಿಷದಲ್ಲಿ ಗಾಲ್ಫ್ ಕ್ಲಬ್ಬಿನ ಕಚೇರಿಯ ಕೌಂಟರಿಗೆ ಬಂದು ಬಡಿಯಿತು. ಕೌಂಟರಿನ ಹಿಂದೆ ಗುಮಾಸ್ತ ಕೂತಿದ್ದ.

ವ್ಯಾಪಾರಿ ಅತಿಥಿ ತಂಡದವನು. ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಕೈ ಪಳಗಿಸಿಕೊಳ್ಳೋಣವೆಂದು ಒಂದು ಚೆಂಡು ಹೊಡೆದು ನೋಡಿದ್ದ. ಈಗ ಅವನ ಕೈಯಲ್ಲಿ ಹಸಿರು ರಟ್ಟಿನ ಪುಟ್ಟ ಪುಸ್ತಕವಿತ್ತು. ಅದನ್ನು ಗುಮಾಸ್ತನ ಮೂಗಿನ ಮುಂದೆ ಬೀಸಣಿಗೆಯಂತೆ ಆಡಿಸಿದ.

"ಇದನ್ನ ಬರೆದವರು ಯಾರು?"

"ನಾನೇ ಸರ್."

"ಬಲಕ್ಕೆ ಗುರಿಯಿಡಿ ಅಂತ ಬರೆದಿದ್ದೀರಿ. ಬಲಕ್ಕೇ ಇಟ್ಟೆ. ಚೆಂಡು ನೀರಲ್ಲಿದೆ. ಹೋಗಿ ಕೇಳಿ, ಬೇಕಾದ್ರೆ ಅದನ್ನೇ ಕೇಳಿ."

ಗುಮಾಸ್ತ ಪುಸ್ತಕ ತೆಗೆದು ಓದಿದ. "ಒಂದನೆಯ ಕುಳಿ: ದಿಬ್ಬದಾಚೆ ಎಡಕ್ಕೆ ಕೊಳ. ಬಲಕ್ಕೆ ಗುರಿಯಿಟ್ಟು ಹೊಡೆಯಿರಿ. ಕೊಳ ತಾನಿದ್ದಲ್ಲೇ ಇರುತ್ತದೆ. ನೀವಾಗಿ ಹೋಗದೆ ಅದು ನಿಮ್ಮ ಹತ್ತಿರ ಬರುವುದಿಲ್ಲ." ಕೊನೆಯ ವಾಕ್ಯ ಬರೆದಾಗ ಅವನಿಗೆ ತುಂಬ ಹಿಡಿಸಿತ್ತು. ಈಗ ಅದೇ ವಾಕ್ಯ ಅವನನ್ನು ನೋಡಿ ಹಲ್ಲು ಕಿರಿಯಿತು. ಅವನ ಕಿವಿ ಕೆಂಪಾಯಿತು, ದವಡೆ ಬಿಗಿಯಿತು. ಬಾಯಿಯಿಂದ ಮಾತ್ರ, "ವಿಚಾರಿಸ್ತೀನಿ ಸರ್" ಎಂಬ ಮಾತಷ್ಟೇ ಬಂತು. ಹನ್ನೊಂದು ವರ್ಷಗಳಿಂದ ಅವನು ಕ್ಲಬ್ಬಿನಲ್ಲಿ ಕೋಪವನ್ನು ಮಾತ್ರೆಯಂತೆ ನುಂಗುತ್ತ ಬಂದಿದ್ದ. ನುಂಗಿದ್ದನ್ನೆಲ್ಲ ಸಂಜೆ ಮನೆಗೆ ಒಯ್ದು ಹೆಂಡತಿಯ ಮುಂದೆ ಕಾರುತ್ತಿದ್ದ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಟೀ ಎಂಬ ಕಟ್ಟೆಯ ಮೇಲೆ ನಿಂತು ಚೆಂಡು ಹೊಡೆಯಬೇಕು. ದೂರದಲ್ಲಿ ಬಾವುಟ ನೆಟ್ಟ ಕುಳಿಗೆ ಅದನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸಬೇಕು. ಈ ಮೈದಾನದಲ್ಲಿ ಕುಳಿಗಳು ಒಂಬತ್ತು. ಪ್ರತಿಯೊಂದರಲ್ಲೂ ಟೀಗೂ ಬಾವುಟಕ್ಕೂ ನಡುವೆ ಆಳೆತ್ತರದ ಒಂದು ದಿಬ್ಬ. ಅದರಾಚೆ ಕೊಳವಿದೆಯೋ ಕಾಲುವೆಯಿದೆಯೋ ಮರಳುಗುಂಡಿಯಿದೆಯೋ ಟೀ ಮೇಲೆ ನಿಂತವನಿಗೆ ಕಾಣುವುದಿಲ್ಲ. ಕ್ಲಬ್ಬಿನ ಸದಸ್ಯರಿಗೆ ಕಾಣಬೇಕಾದ ಅಗತ್ಯವೂ ಇಲ್ಲ. ಅವರು ಎಲ್ಲದರಲ್ಲೂ ಹತ್ತಾರು ಸಲ ಬಿದ್ದು ಎದ್ದವರು.

ಕಷ್ಟವಿದ್ದದ್ದು ಪಕ್ಕದ ಊರಿನ ಕ್ಲಬ್ಬಿನಿಂದ ವರ್ಷಕ್ಕೊಮ್ಮೆ ಬರುವ ಹದಿನೆಂಟು ಅತಿಥಿಗಳಿಗೆ. ಆರು ವರ್ಷ ಸತತವಾಗಿ ಸೋತ ಅವರು ಹೋದ ವರ್ಷ ಪಂದ್ಯ ಮುಗಿದ ಮೇಲೆ ಚಹಾ ಕುಡಿಯದೆ ಎದ್ದು ಹೋಗಿದ್ದರು. ಇದು ಆಟವಲ್ಲ, ಕಣ್ಣಾಮುಚ್ಚಾಲೆ ಎಂದಿದ್ದರು. ಎರಡೂ ಕ್ಲಬ್ಬುಗಳ ನಡುವೆ ಒಟ್ಟು ಇಪ್ಪತ್ತೆರಡು ಪತ್ರಗಳು ಓಡಾಡಿದವು. ಕೊನೆಗೆ ಒಂದು ಷರತ್ತಿನ ಮೇಲೆ ರಾಜಿಯಾಯಿತು. ದಿಬ್ಬದಾಚೆ ಏನು ಯಾವ ಕಡೆ ಇದೆ, ಯಾವ ಕುಳಿಯನ್ನು ಹೇಗೆ ಆಡಬೇಕು ಎಂದು ಪ್ರಾಮಾಣಿಕವಾಗಿ ತಿಳಿಸುವ ಪುಸ್ತಕವೊಂದನ್ನು ಅತಿಥಿಗಳಿಗೆ ಮುಂಚಿತವಾಗಿ ಕೊಡಬೇಕು.

ಆ ಪುಸ್ತಕ ಬರೆಯುವ ಕೆಲಸವನ್ನು ಕ್ಲಬ್ಬಿನ ಕಾರ್ಯದರ್ಶಿ ಗುಮಾಸ್ತನ ಮೇಲೆ ಹೊರಿಸಿದರು. ಗುಮಾಸ್ತನ ಕೋಣೆಯ ಬಾಗಿಲಿನ ಹಲಗೆಯ ಮೇಲೆ 'ಗುಮಾಸ್ತರು (ಹಂಗಾಮಿ)' ಎಂದು ಬರೆದಿತ್ತು. ಬರೆಸಿ ಹನ್ನೊಂದು ವರ್ಷವಾಗಿತ್ತು. 'ಗುಮಾಸ್ತರು' ಎಂಬುದು ಮಾಸಿ ಹೋಗಿ 'ಹಂಗಾಮಿ' ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ಅವನಿಗಿಂತ ಎಂಟು ವರ್ಷ ತಡವಾಗಿ ಬಂದ ಕ್ಯಾಂಟೀನಿನವನು ಆಗಲೇ ಕಾಯಂ ಆಗಿದ್ದ. ಅವನಿಗೆ ಎಲ್ಲ ಸದಸ್ಯರ ಹೆಂಡಂದಿರ ಹುಟ್ಟಿದ ದಿನ ಬಾಯಿಪಾಠವಿತ್ತು.

"ಪುಸ್ತಕ ಸರಿಯಾಗಿ ಬಂದು, ಪಂದ್ಯ ಗಲಾಟೆ ಇಲ್ಲದೆ ಮುಗೀಲಿ," ಎಂದಿದ್ದರು ಕಾರ್ಯದರ್ಶಿ. "ಅವತ್ತೇ ನಾಲ್ಕು ಗಂಟೆಯ ಸಭೆಯಲ್ಲಿ ನಿಮ್ಮ ಕಾಯಂ ವಿಷಯ ತಗೋತೀವಿ."

ಗುಮಾಸ್ತ ಜನ್ಮದಲ್ಲಿ ಗಾಲ್ಫ್ ಕೋಲು ಹಿಡಿದವನಲ್ಲ. ಕಚೇರಿಯ ಕಿಟಕಿಯಿಂದ ಅವನಿಗೆ ಕಾಣುತ್ತಿದ್ದುದು ಒಂಬತ್ತನೆಯ ಕುಳಿಯ ಬಾವುಟದ ತುದಿ ಮಾತ್ರ. ಆದರೆ ಅವನ ಮಾವ, ಅಂದರೆ ಹೆಂಡತಿಯ ತಂದೆ, ಅದೇ ಮೈದಾನದಲ್ಲಿ ಮೂವತ್ತು ವರ್ಷದಿಂದ ಹುಲ್ಲಿನ ಮೇಸ್ತ್ರಿ. ನಾಲ್ಕು ಭಾನುವಾರ ಮಾವನ ಮುಂದೆ ಕೂತು, ಹೇಳಿದ್ದನ್ನೆಲ್ಲ ಗೀಚಿಕೊಂಡ. ಇರುವೆ ಶಾಯಿಯಲ್ಲಿ ಬಿದ್ದೆದ್ದು ನಡೆದ ಹಾಗಿರುವ ಆ ಬರಹವನ್ನು ಪ್ರೆಸ್ಸಿನವರು ಓದಲಾರರೆಂದು ಹೆಂಡತಿ ಕೂತು ಚೊಕ್ಕ ಪ್ರತಿ ಮಾಡಿದಳು. ಹೀಗೆ ಪುಸ್ತಕ ಅಚ್ಚಾಗಿ ಬಂತು.

ಸಿಮೆಂಟ್ ವ್ಯಾಪಾರಿ ಧಡಧಡ ಮೆಟ್ಟಿಲಿಳಿದು ಹೋದ ಮೇಲೆ ಗುಮಾಸ್ತ ತಲೆ ಹಿಡಿದು ಕೂತ. ತಪ್ಪು ಎಲ್ಲಿ ಆಯಿತು? ಎದುರಿನ ಗೋಡೆಯ ಮೇಲೆ ನೌಕರರಿಗಾಗಿ ತೂಗುಹಾಕಿದ ಸೂಚನಾಫಲಕ ಅವನ ಕಣ್ಣಿಗೆ ಬಿತ್ತು. ನೌಕರರು ಮೈದಾನದಲ್ಲಿ ಸದಾ ಆಟಕ್ಕೆ ಎದುರಾಗಿಯೇ ನಡೆಯತಕ್ಕದ್ದು, ಚೆಂಡಿಗೆ ಬೆನ್ನು ಕೊಡತಕ್ಕದ್ದಲ್ಲ. ಬಹಳ ಹಿಂದೆ ಒಬ್ಬ ಹುಲ್ಲು ಕತ್ತರಿಸುವವನ ಹಿಂದಲೆಗೆ ಚೆಂಡು ಬಡಿದಂದಿನಿಂದ ಈ ನಿಯಮ.

ಗುಮಾಸ್ತನಿಗೆ ತಟ್ಟನೆ ಹೊಳೆಯಿತು. ಮಾವ ಮೂವತ್ತು ವರ್ಷದಿಂದ ಬಾವುಟದ ಕಡೆಯಿಂದ ಟೀ ಕಡೆಗೆ ನಡೆದವರು. ಆಡುವವರಿಗೆ ಎಡವಾದದ್ದು ಅವರಿಗೆ ಬಲ. ಮೈದಾನವನ್ನು ಒಂದು ದಿನವೂ ನೆಟ್ಟಗೆ ನೋಡದ ಮನುಷ್ಯನ ಮಾತು ಕೇಳಿ ಅವನು ಒಂಬತ್ತಕ್ಕೆ ಒಂಬತ್ತೂ ಕುಳಿಗಳನ್ನು ತಿರುಗುಮುರುಗಾಗಿ ಅಚ್ಚು ಹಾಕಿಸಿದ್ದ!

"ಅಳಿಯನ ಹೊಟ್ಟೆ ಮೇಲೆ ಹೊಡೆಯೋಕೆ ಇನ್ನು ಯಾರೂ ಬೇಡ," ಎಂದು ಹಲ್ಲು ಕಡಿದ.

ಆ ಹೊತ್ತಿಗೆ ಕಾರ್ಯದರ್ಶಿ ಬಾಗಿಲಲ್ಲಿ ತಲೆ ಹಾಕಿ, ಅತಿಥಿಗಳಿಗೆಲ್ಲ ಪುಸ್ತಕ ಮುಟ್ಟಿತಾ, ಎಲ್ಲ ಸರಿ ಇದೆಯಾ ಎಂದು ಕೇಳಿದರು. ಧ್ವನಿವರ್ಧಕ ಮೇಜಿನ ಮೇಲೇ ಇತ್ತು. ಪುಸ್ತಕದಲ್ಲಿ ಎಡ ಎಂದಿರುವುದೆಲ್ಲ ಬಲ ಎಂದು ಒಂದು ಮಾತು ಸಾರಿದ್ದರೆ ಮುಗಿಯುತ್ತಿತ್ತು. ಆದರೆ ಸಾರಿದ ಮೇಲೆ ನಾಲ್ಕು ಗಂಟೆಯ ಸಭೆಯಲ್ಲಿ ಸಾರಲು ಏನೂ ಉಳಿಯುತ್ತಿರಲಿಲ್ಲ. ಗುಮಾಸ್ತ, "ಎಲ್ಲ ಸರಿ ಇದೆ ಸರ್" ಎಂದ.

ಅವನು ಹೂಡಿದ ಉಪಾಯ ಇದು. ಪಂದ್ಯದಲ್ಲಿ ನಾಲ್ಕು ನಾಲ್ಕು ಜನರ ಒಂಬತ್ತು ಗುಂಪು, ಒಂದೊಂದು ಗುಂಪಿನಲ್ಲಿ ಇಬ್ಬರು ಅತಿಥಿಗಳು. ಎಂಟು ಗಂಟೆಗೆ ಸೀಟಿ ಊದಿದಾಗ ಒಂಬತ್ತೂ ಕುಳಿಗಳಲ್ಲಿ ಒಂದೊಂದು ಗುಂಪು ಏಕಕಾಲಕ್ಕೆ ಶುರುಮಾಡಿ ಮುಂದೆ ಮುಂದೆ ಸಾಗುತ್ತದೆ. ಎದುರು ದಿಕ್ಕಿನಲ್ಲಿ ನಡೆದವನಿಗೆ ಅರ್ಧ ಸುತ್ತಿನಲ್ಲೇ ಎಲ್ಲರೂ ಸಿಕ್ಕಿಬಿಡುತ್ತಾರೆ. ಹೇಗೂ ನಿಯಮವೂ ಅದೇ. ಹದಿನೆಂಟು ಅತಿಥಿಗಳ ಕಿವಿಯಲ್ಲಿ ಗುಟ್ಟಾಗಿ ಹೇಳಿ, ಹದಿನೆಂಟು ಪುಸ್ತಕಗಳನ್ನು ಕೈಯಿಂದಲೇ ತಿದ್ದಿಬಿಟ್ಟರೆ ಮೂರನೆಯವರಿಗೆ ಸುಳಿವೂ ಸಿಗದು.

ಕೆಂಪು ಶಾಯಿಯ ಪೆನ್ನು ಜೇಬಿಗಿಟ್ಟುಕೊಂಡು ಒಂಬತ್ತನೆಯ ಕುಳಿಯ ಬಾವುಟದ ಬಳಿಯಿಂದ ಗುಮಾಸ್ತ ಮೈದಾನಕ್ಕಿಳಿದ.

ಇಳಿದ ನೂರು ಹೆಜ್ಜೆಗೇ ಪುರಾವೆ ಸಿಕ್ಕಿತು. ಒಂಬತ್ತನೆಯ ಕುಳಿಗೆ ಎಡಗಡೆ ಮರಳುಗುಂಡಿ ಎಂದು ಪುಸ್ತಕದಲ್ಲಿತ್ತು. ಅವನು ನಡೆದುಹೋಗುವಾಗ ಮರಳುಗುಂಡಿ ಇದ್ದದ್ದು ಅವನ ಬಲಗಡೆ. ಕಣ್ಣಾರೆ ಕಂಡ. ನಿಂತು ಇನ್ನೊಮ್ಮೆ ಕಂಡ. ಅನುಮಾನ ಪೂರ್ತಿ ಬಗೆಹರಿದು, ಆ ಜಾಗದಲ್ಲಿ ಕೋಪ ಬಂದು ಕೂತಿತು.

ದಿಬ್ಬ ಹತ್ತಿ ಇಳಿದಾಗ ಟೀ ಮೇಲೆ ಕ್ಲಬ್ಬಿನ ಹಿರಿಯ ಸದಸ್ಯರಾದ ನಿವೃತ್ತ ಜಡ್ಜ್ ಸಾಹೇಬರು ಕೋಲು ಮೇಲೆತ್ತಿ ಉಸಿರು ಬಿಗಿಹಿಡಿದು ನಿಂತಿದ್ದರು. ಗುಮಾಸ್ತ ಪಕ್ಕದ ಅತಿಥಿಯ ಕಿವಿಯ ಬಳಿ ಬಾಗಿ, "ಸರ್, ಒಂದು ಸಣ್ಣ ಅಚ್ಚಿನ ತಪ್ಪು" ಎಂದ. ಜಡ್ಜ್ ಸಾಹೇಬರ ಕೋಲು ಚೆಂಡಿನ ಬದಲು ನೆಲಕ್ಕೆ ಬಡಿಯಿತು. ಅಂಗೈಯಗಲದ ಹುಲ್ಲು ಎಂಟು ಅಡಿ ದೂರ ಹಾರಿತು. ಚೆಂಡು ಇದ್ದಲ್ಲೇ ಇತ್ತು.

ನಲವತ್ತು ವರ್ಷ ತಾವು ನ್ಯಾಯಾಲಯದಲ್ಲಿ ಕೂತಿದ್ದಾಗ ಒಂದು ನೊಣವೂ ಪಿಸುಗುಟ್ಟಿರಲಿಲ್ಲ ಎಂಬುದನ್ನು ಜಡ್ಜ್ ಸಾಹೇಬರು ವಿವರವಾಗಿ ತಿಳಿಸಿದರು. ಗುಮಾಸ್ತ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ, ತಲೆ ತಗ್ಗಿಸಿಕೊಂಡೇ ಎರಡು ಪುಸ್ತಕ ತಿದ್ದಿದ. ಎಡ ಹೊಡೆದು ಬಲ, ಬಲ ಹೊಡೆದು ಎಡ. ಕಚೇರಿಯ ದಾಖಲೆಯಲ್ಲಿ ತಿದ್ದುಪಡಿ ಮಾಡಿದ ಕಡೆಯಲ್ಲೆಲ್ಲ ಚಿಕ್ಕ ಸಹಿ ಹಾಕಬೇಕೆಂದು ಅವನಿಗೆ ಅಭ್ಯಾಸವಾಗಿತ್ತು. ಇಲ್ಲೂ ಹಾಕಿದ. ಒಂದು ಪುಸ್ತಕಕ್ಕೆ ಒಂಬತ್ತು ಸಹಿ.

ಎಂಟನೆಯ ಕುಳಿಯಲ್ಲಿ ಕಾಲುವೆ ದಾಟುವಾಗ ಎಡಗಾಲಿನ ಚಪ್ಪಲಿ ಕೆಸರಲ್ಲೇ ಉಳಿಯಿತು. ಆ ಕಾಲುವೆಯೂ ಪುಸ್ತಕದಲ್ಲಿ ಎಡಕ್ಕೆ, ಅವನ ಕಣ್ಣಿಗೆ ಬಲಕ್ಕೆ. ಏಳನೆಯದರಲ್ಲಿ ದಿಬ್ಬದ ನೆತ್ತಿಯ ಮೇಲೆ ಕಾಣಿಸಿಕೊಂಡ ಗಳಿಗೆಗೇ ಒಂದು ಚೆಂಡು ಬಂದು ಅವನ ಅಂಗಿಯ ಜೇಬಿಗೆ ಬಡಿಯಿತು. ಜೇಬಿನಲ್ಲಿದ್ದ ಪೆನ್ನು ಒಡೆದು ಎದೆಯ ಮೇಲೆಲ್ಲ ಕೆಂಪು ಹರಡಿತು. ಚಹಾದ ಕ್ಯಾನು ಹೊತ್ತು ಬರುತ್ತಿದ್ದ ಕ್ಯಾಂಟೀನಿನವನು ಅದನ್ನು ಕಂಡು ಕ್ಯಾನು ಕೆಳಗಿಟ್ಟು ಓಡಿದ. ಗುಮಾಸ್ತರ ಎದೆಗೆ ಚೆಂಡು ಹೊಕ್ಕು ರಕ್ತ ಬರ್ತಿದೆ ಎಂದು ಮೂರು ಗುಂಪುಗಳಿಗೆ ವರದಿ ಒಪ್ಪಿಸಿದ ಮೇಲೆಯೇ ಅವನು ನಿಂತದ್ದು. ಚೆಂಡು ಹೊಡೆದವರು ಮಾತ್ರ ಸಿಟ್ಟಾಗಿದ್ದರು. ಗುಮಾಸ್ತ ಅಡ್ಡ ಬರದಿದ್ದರೆ ಅದು ನೇರ ಬಾವುಟದ ಬುಡಕ್ಕೆ ಹೋಗುತ್ತಿತ್ತಂತೆ.

ಒಡೆದ ಪೆನ್ನಿನ ಮುಳ್ಳನ್ನು ಜೇಬಿನ ಶಾಯಿಯಲ್ಲೇ ಅದ್ದಿ ಅದ್ದಿ ಗುಮಾಸ್ತ ತಿದ್ದುತ್ತ ಹೋದ.

ಆರನೆಯ ಕುಳಿಯ ಬಾವುಟದ ಹತ್ತಿರ ಮಾವ ಸಿಕ್ಕರು. ಮೊಣಕಾಲೂರಿ ಕೂತು ಹುಲ್ಲಿನ ನಡುವಿನ ಕಳೆ ಕೀಳುತ್ತಿದ್ದರು. ಅಳಿಯನ ಅವತಾರ ನೋಡಿ ಗಾಬರಿಯಿಂದ ಎದ್ದರು.

"ಅಳಿಯಂದ್ರೇ, ಏನಾಯ್ತು ಎದೆಗೆ?"

"ಎದೆಗೇನಾಗಿಲ್ಲ. ಹೊಟ್ಟೆಗೆ ಆಗಿದೆ. ಈ ಮರಳುಗುಂಡಿ ಯಾವ ಕಡೆ ಇದೆ ಮಾವ?"

ಮಾವ ನಿಂತಲ್ಲಿಂದ ತಿರುಗಿ ನೋಡಿದರು. "ಬಲಕ್ಕೆ."

"ಪುಸ್ತಕದಲ್ಲಿ ಎಡಕ್ಕೆ ಅಂತಿದೆ."

"ನಾನು ಹೇಳಿದ್ದು ಬಲಕ್ಕೆ ಅಂತಾನೇ. ಮೂವತ್ತು ವರ್ಷದಿಂದ ಅದು ಬಲಕ್ಕೇ ಇದೆ."

"ಈಗ ಬಲ ಅಂತೀರಿ, ಆಗ ಎಡ ಅಂದಿರಿ. ಉಣ್ಣೋ ಕೈ ಯಾವುದು ಅಂತಾದ್ರೂ ಗೊತ್ತಿದೆಯಾ ನಿಮಗೆ?"

ಹೆಣ್ಣು ಕೊಟ್ಟ ಮಾವನಿಗೆ ಆಡುವ ಮಾತಲ್ಲ ಅದು. ಆದರೆ ಹನ್ನೊಂದು ವರ್ಷದಲ್ಲಿ ಕ್ಲಬ್ಬಿನ ಬೇಲಿಯೊಳಗೆ ಗುಮಾಸ್ತನಿಗೆ ಸಿಟ್ಟು ಮಾಡಬಹುದಾದ ಒಬ್ಬನೇ ಒಬ್ಬ ಮನುಷ್ಯ ಸಿಕ್ಕಿದ್ದು ಅದೇ ಮೊದಲು. ಮಾವ ಕಳೆಯ ಕಡ್ಡಿಯೊಂದನ್ನು ಬೇರುಸಹಿತ ಕಿತ್ತು, ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತರು.

ಐದನೆಯ ಕುಳಿಯಲ್ಲಿ ಅತಿಥಿ ತಂಡದ ನಾಯಕ ಸಿಕ್ಕಿದ. ಅವನು ಹಲ್ಲಿನ ಡಾಕ್ಟರು. ಯಾವ ಮಾತನ್ನೂ ನೋವಾಗುವುದಿಲ್ಲ ಎಂಬಂಥ ಮೆತ್ತನೆಯ ದನಿಯಲ್ಲಿ ಆಡುತ್ತಿದ್ದ. ತಿದ್ದಿದ ಪುಸ್ತಕವನ್ನು ದಿಟ್ಟಿಸಿ, "ಈಗ ಎರಡು ಕುಳಿ ಆಡಿಬಂದೆವು. ಎರಡರಲ್ಲೂ ಪುಸ್ತಕ ಸರಿಯಾಗೇ ಇತ್ತಲ್ಲ?" ಎಂದ.

"ಅದು ನಿಮ್ಮ ಅದೃಷ್ಟ ಸರ್," ಎಂದ ಗುಮಾಸ್ತ. "ನಾನು ಮುಂದಿನ ಕುಳಿಗಳನ್ನೆಲ್ಲ ನಡೆದೇ ಬರ್ತಿದ್ದೀನಿ. ಕಣ್ಣಾರೆ ನೋಡಿದ್ದೀನಿ."

ಕಣ್ಣಾರೆ ಕಂಡವನ ಮಾತನ್ನು ಡಾಕ್ಟರು ಹೇಗೆ ತಳ್ಳಿಹಾಕುತ್ತಾನೆ? ಮುಂದಿನ ಚೆಂಡನ್ನು ಕೆಂಪು ಶಾಯಿ ಹೇಳಿದ ಕಡೆಗೆ ಹೊಡೆದ. ಅದು ದಿಬ್ಬದಾಚೆ ಇಳಿಯಿತು. ಗುಮಾಸ್ತ ಆಗಲೇ ನಾಲ್ಕನೆಯ ಕುಳಿಯತ್ತ ಕುಂಟುತ್ತಿದ್ದ.

ಒಂಬತ್ತೂಕಾಲಿಗೆ ಕೆಲಸ ಮುಗಿಯಿತು. ಹದಿನೆಂಟು ಪುಸ್ತಕ, ನೂರ ಅರವತ್ತೆರಡು ಸಹಿ. ಒಂದು ಚಪ್ಪಲಿ ಹೋಗಿತ್ತು, ಒಂದು ಅಂಗಿ ಹಾಳಾಗಿತ್ತು, ಜಡ್ಜ್ ಸಾಹೇಬರು ಲಿಖಿತ ದೂರು ಕೊಡುವುದಾಗಿ ಹೇಳಿದ್ದರು. ಆದರೆ ಪುಸ್ತಕ ಸರಿಯಾಗಿತ್ತು. ಕಚೇರಿಯ ಉಳಿದ ಕೆಲಸ ಮುಗಿಸಿ, ಹತ್ತು ಗಂಟೆ ದಾಟಿದ ಮೇಲೆ ಕ್ಯಾಂಟೀನಿನ ಹಿಂದಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಾಗ ಅವನ ಮುಖದ ಮೇಲೆ ಬಹಳ ದಿನಗಳ ಮೇಲೆ ನಗುವಿನ ತರದ್ದೇನೋ ಒಂದು ಮೂಡಿತು.

ಅಲ್ಲಿಗೇ ಹೆಂಡತಿ ಬಂದಳು. ಬೆಳಗ್ಗೆ ಅವಸರದಲ್ಲಿ ಅವನು ಬಿಟ್ಟುಬಂದಿದ್ದ ಊಟದ ಡಬ್ಬಿ ಅವಳ ಕೈಯಲ್ಲಿತ್ತು. ಎದೆಯ ಮೇಲಿನ ಕೆಂಪು ನೋಡಿ ಡಬ್ಬಿ ಜಾರಿತು. ಶಾಯಿ ಎಂದು ಗೊತ್ತಾದ ಮೇಲೆ ಅದು ಯಾವ ಅಂಗಿ ಎಂದು ವಿಚಾರಿಸಿದಳು. ಗುಮಾಸ್ತ ಅದಕ್ಕೆ ಉತ್ತರ ಕೊಡದೆ ಅವಳ ತಂದೆಯ ವಿಷಯ ಶುರುಮಾಡಿದ. ಬಾವುಟದ ಕಡೆಯಿಂದ ಮೈದಾನ ನೋಡುವ ಮುದುಕ, ಎಡಕ್ಕೂ ಬಲಕ್ಕೂ ವ್ಯತ್ಯಾಸ ತಿಳಿಯದ ವಂಶ, ಅಂಥ ವಂಶದಿಂದ ಹೆಣ್ಣು ತಂದ ತನ್ನ ಕರ್ಮ ಎಲ್ಲವೂ ಬಂದವು. ಹೆಂಡತಿ ಡಬ್ಬಿಗೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸುತ್ತ ಪೂರ್ತಿ ಕೇಳಿಸಿಕೊಂಡಳು.

"ಅಪ್ಪ ಬಾವುಟದ ಕಡೆಯಿಂದ ಹೇಳ್ತಾರೆ ಅನ್ನೋದು ನನಗೆ ಗೊತ್ತಿಲ್ವಾ?" ಎಂದಳು. "ನಾನು ಇದೇ ಮೈದಾನದ ಬೇಲಿ ಪಕ್ಕ ಬೆಳೆದವಳು. ಚೊಕ್ಕ ಪ್ರತಿ ಮಾಡುವಾಗ ಎಲ್ಲಾನೂ ತಿರುಗಿಸಿ ಬರೆದಿದ್ದೆ. ಒಂಬತ್ತೂ."

ನಲ್ಲಿ ಸುರಿಯುತ್ತಲೇ ಇತ್ತು.

"ತಿರುಗಿಸಿದ್ದೆಯಾ?"

"ಹೂಂ. ಅಪ್ಪ ಬಲ ಅಂದಿದ್ದನ್ನ ಎಡ ಮಾಡಿದೆ. ಆಡೋರಿಗೆ ಅದೇ ತಾನೇ ಸರಿ?"

"ಆದರೆ ನಾನೇ ಕಣ್ಣಾರೆ ನೋಡಿದೆ ಕಣೇ. ಪುಸ್ತಕದಲ್ಲಿ ಎಡ, ನನಗೆ ಬಲ."

"ನೀವು ಯಾವ ಕಡೆಯಿಂದ ನಡೆದ್ರಿ?"

ಗುಮಾಸ್ತ ಒಂಬತ್ತನೆಯ ಕುಳಿಯ ಬಾವುಟದತ್ತ ಬೆರಳು ತೋರಿಸಿದ.

"ಎದುರಿನಿಂದ ನಡೆದೋರಿಗೆ ತಪ್ಪು ಕಂಡ್ರೆ ಪುಸ್ತಕ ಸರಿ ಇದೆ ಅಂತ ಅರ್ಥ ಕಣ್ರೀ," ಎಂದಳು ಹೆಂಡತಿ, ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳಂತೆ.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳೋಕೆ ಅಂತಲೇ ಬಂದಿದ್ದೆ. ಅವತ್ತು ಪೆನ್ನಿನ ಮುಚ್ಚಳ ಕಳೆದುಹೋಯ್ತು ಅಂತ ಮನೆ ಹಾರಿಹೋಗೋ ಹಾಗೆ ಕೂಗಾಡ್ತಿದ್ರಿ. ಆಮೇಲೆ ಮರೆತೇ ಹೋಯ್ತು."

ಗುಮಾಸ್ತ ಉಳಿದ ಒಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಓಡಿದ. ಒಂದನೆಯ ಕುಳಿಯ ಟೀ ಹತ್ತಿರ ಹೋಗುವಷ್ಟರಲ್ಲಿ ಅಲ್ಲಿನ ಇಬ್ಬರು ಅತಿಥಿಗಳು ಪರಸ್ಪರ ಕಾಲರ್ ಹಿಡಿಯುವ ಹಂತಕ್ಕೆ ಬಂದಿದ್ದರು. ಒಬ್ಬರು ಅಚ್ಚಾದದ್ದನ್ನು ನಂಬಬೇಕೆನ್ನುತ್ತಿದ್ದರು, ಇನ್ನೊಬ್ಬರು ಸಹಿ ಮಾಡಿದ್ದನ್ನು. ಸಹಿಯೇ ಗೆದ್ದಿತು. ಗುಮಾಸ್ತ ಕೈಯೆತ್ತಿ ಬೇಡ ಬೇಡ ಎನ್ನುತ್ತಿದ್ದಂತೆ ಎರಡು ಚೆಂಡುಗಳು ದಿಬ್ಬ ದಾಟಿದವು. ಆಚೆಯಿಂದ ನೀರಿನ ಸದ್ದು ಎರಡು ಸಲ ಕೇಳಿಸಿತು. ಆಮೇಲೆ ಹತ್ತೂವರೆಯ ಸೀಟಿ ಕೇಳಿಸಿತು. ಪಂದ್ಯ ಮುಗಿದಿತ್ತು.

ಆತಿಥೇಯ ಕ್ಲಬ್ಬು ಎಪ್ಪತ್ತಾರು ಹೊಡೆತಗಳ ಅಂತರದಿಂದ ಗೆದ್ದಿತ್ತು. ಕ್ಲಬ್ಬಿನ ಇತಿಹಾಸದಲ್ಲಿ ಅಷ್ಟು ದೊಡ್ಡ ಗೆಲುವು ಹಿಂದೆ ಆಗಿರಲಿಲ್ಲ.

ಹನ್ನೆರಡು ಗಂಟೆಗೆ ಶಾಮಿಯಾನದ ಕೆಳಗೆ ಬಹುಮಾನ ವಿತರಣೆ. ಕಾರ್ಯದರ್ಶಿ ಗೆದ್ದವರಿಗೆ ಸಲ್ಲುವ ಹಿತ್ತಾಳೆಯ ಫಲಕವನ್ನು ಕೈಗೂಸಿನಂತೆ ಎತ್ತಿಕೊಂಡು ನಿಂತಿದ್ದರು. ಹಲ್ಲಿನ ಡಾಕ್ಟರು ಎರಡು ಮಾತಾಡಲು ಎದ್ದ. ಅವನ ಕೈಯಲ್ಲಿ ಹದಿನೆಂಟು ಪುಸ್ತಕಗಳ ಕಟ್ಟು ಇತ್ತು.

ಹೋದ ವರ್ಷ ಕ್ಲಬ್ಬಿನವರು ಸತ್ಯವನ್ನು ಮುಚ್ಚಿಟ್ಟಿದ್ದರು, ಈ ವರ್ಷ ಅದನ್ನು ಅಚ್ಚು ಹಾಕಿಸಿಕೊಟ್ಟು ಆಮೇಲೆ ಒಬ್ಬನನ್ನು ಕಳಿಸಿ ತಿದ್ದಿಸಿದರು ಎಂದು ಅವನು ಮೆತ್ತಗೆ ಹೇಳಿದ. ಆ ಮನುಷ್ಯ ಅತಿಥಿಗಳ ಕಿವಿಯಲ್ಲಿ ಮಾತ್ರ ಪಿಸುಗುಟ್ಟಿದ್ದ. ಕ್ಲಬ್ಬಿನ ಆಟಗಾರರಿಗೆ ಕೇಳದ ಹಾಗೆ ಎಚ್ಚರ ವಹಿಸಿದ್ದ. "ಮೋಸ ಮಾಡುವವರನ್ನು ತುಂಬ ನೋಡಿದ್ದೇನೆ. ಪ್ರತಿ ಮೋಸಕ್ಕೂ ಸಹಿ ಹಾಕಿಕೊಟ್ಟವರನ್ನು ಇದೇ ಮೊದಲು ನೋಡಿದ್ದು," ಎಂದ.

ಎಲ್ಲರೂ ತಿರುಗಿ ನೋಡಿದರು. ಗುಮಾಸ್ತನನ್ನು ಹುಡುಕಬೇಕಾಗಿರಲಿಲ್ಲ. ಬರಿಗಾಲಲ್ಲಿ, ಎದೆಯ ತುಂಬ ಅದೇ ಕೆಂಪು ಶಾಯಿ ಬಳಿದುಕೊಂಡು ಕಂಬದ ಪಕ್ಕ ನಿಂತಿದ್ದ.

ತನಗೆ ಬಂದ ದೂರಿನ ಮೇಲೆ ತಿದ್ದಿದೆ ಎಂದು ಅವನು ತೊದಲಿದ. ಸಿಮೆಂಟ್ ವ್ಯಾಪಾರಿಯತ್ತ ಬೆರಳು ತೋರಿಸಿದ. ಬಲಕ್ಕೆ ಗುರಿಯಿಟ್ಟರೂ ಚೆಂಡು ನೀರಿಗೆ ಬಿತ್ತೆಂದು ಅವರೇ ಹೇಳಿದ್ದಲ್ಲವೇ?

"ಅವರ ಚೆಂಡು ಎತ್ತ ಹೊಡೆದರೂ ಎಡಕ್ಕೇ ತಿರುಗುತ್ತೆ," ಎಂದ ಡಾಕ್ಟರು. "ಹದಿನೈದು ವರ್ಷದಿಂದ ನೋಡ್ತಿದ್ದೇವೆ. ನಮ್ಮ ಊರಿನಲ್ಲಿ ಕೂಸಿಗೂ ಗೊತ್ತು."

ವ್ಯಾಪಾರಿ ಬೇರೆಲ್ಲೋ ನೋಡುತ್ತಿದ್ದ.

ಅತಿಥಿಗಳು ಎದ್ದು ನಿಂತರು. ಇನ್ನು ಪತ್ರಗಳೂ ಇಲ್ಲ, ಪಂದ್ಯಗಳೂ ಇಲ್ಲ, ಎಲ್ಲ ಊರಿನ ಕ್ಲಬ್ಬುಗಳಿಗೂ ಈ ಪುಸ್ತಕಗಳನ್ನೇ ಕಳಿಸುತ್ತೇವೆ ಎಂದರು. ಕಾರ್ಯದರ್ಶಿ ಫಲಕವನ್ನು ಎದೆಗೆ ಅವುಚಿಕೊಂಡರು. ಒಂದು ಗಳಿಗೆ ಗುಮಾಸ್ತನನ್ನು ನೋಡಿದರು, ಇನ್ನೊಂದು ಗಳಿಗೆ ಫಲಕವನ್ನು ನೋಡಿದರು. ಆಮೇಲೆ ಅವರ ಮುಖ ತಿಳಿಯಾಯಿತು. ನಿಧಾನವಾಗಿ ಧ್ವನಿವರ್ಧಕದ ಮುಂದೆ ಬಂದರು.

"ಮಹನೀಯರೇ, ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಈ ವ್ಯಕ್ತಿ ನಮ್ಮ ಕ್ಲಬ್ಬಿನ ನೌಕರರಲ್ಲ. ಹಂಗಾಮಿ. ಇಂದು ಇರಬಹುದು, ನಾಳೆ ಇಲ್ಲ. ಹಂಗಾಮಿಯವರು ಮಾಡಿದ್ದಕ್ಕೆ ಕ್ಲಬ್ಬು ಹೊಣೆ ಹೊರೋದಿಲ್ಲ ಅಂತ ನಮ್ಮ ನಿಯಮಾವಳಿ ಹೇಳುತ್ತೆ."

ನಿಯಮಾವಳಿಯ ಪುಸ್ತಕ ತರಿಸಿದರು. ತಂದವನು ಕ್ಯಾಂಟೀನಿನವನು, ಜತೆಗೆ, ಬೇಕಾದರೆ ನೋಡಲೆಂದು, ಗುಮಾಸ್ತನ ಬಾಗಿಲಿನ ಹಲಗೆಯನ್ನೂ ಕಿತ್ತು ತಂದಿದ್ದ. ಹಲ್ಲಿನ ಡಾಕ್ಟರು ನಿಯಮವನ್ನು ಎರಡು ಸಲ ಓದಿದ, ಹಲಗೆಯನ್ನು ಒಂದು ಸಲ ಓದಿದ. ಹನ್ನೊಂದು ವರ್ಷದ ಬಿಸಿಲು ಕಂಡಿದ್ದ ಆ ಹಲಗೆಯ ಪ್ರಾಮಾಣಿಕತೆಯನ್ನು ಅನುಮಾನಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅತಿಥಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕ್ಲಬ್ಬಿನ ಕೈವಾಡ ಇಲ್ಲವೆಂದ ಮೇಲೆ ಬಿದ್ದ ಚೆಂಡುಗಳು ಬಿದ್ದವು, ಫಲಕ ಇಲ್ಲೇ ಇರಲಿ ಎಂದು ಒಪ್ಪಿದರು. ಈ ಸಲ ಚಹಾ ಕುಡಿದೇ ಹೋದರು.

ಬಸ್ಸು ಗೇಟು ದಾಟಿದ ಮೇಲೆ ಕಾರ್ಯದರ್ಶಿ ಗುಮಾಸ್ತನನ್ನು ಪಡಸಾಲೆಯ ಮೂಲೆಗೆ ಕರೆದರು. ಮನೆಗೆ ಕಳಿಸುತ್ತಾರೆಂದುಕೊಂಡು ಗುಮಾಸ್ತ ಮೇಜಿನ ಬೀಗದ ಕೈ ತೆಗೆದು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ. ಇವತ್ತು ನುಂಗದೆ ಒಂದೆರಡು ಮಾತು ಮುಖದ ಮೇಲೆ ಆಡಿಯೇ ಹೋಗುವುದೆಂದು ನಿಶ್ಚಯಿಸಿದ್ದ. ಕಾರ್ಯದರ್ಶಿ ಅವನ ಭುಜದ ಮೇಲೆ ಕೈಯಿಟ್ಟರು.

"ಎಪ್ಪತ್ತಾರು ಹೊಡೆತ ಕಣ್ರೀ," ಎಂದರು. "ನಿಮ್ಮಂಥವರು ಕ್ಲಬ್ಬಿಗೆ ಬೇಕು. 'ನಾಳೆ ಇಲ್ಲ' ಅಂದದ್ದು ಅವರ ಕಿವಿಗೆ. ನೀವೆಲ್ಲೂ ಹೋಗಬೇಡಿ."

"ಹಾಗಾದ್ರೆ ಸರ್, ನಾಲ್ಕು ಗಂಟೆಯ ಸಭೆಯಲ್ಲಿ ನನ್ನ ವಿಷಯ..."

"ತಗೊಂಡೇ ತಗೋತೀವಿ. ಮೊದಲನೇ ವಿಷಯ ಅದೇ."

ತಗೊಂಡರು. ಐದು ನಿಮಿಷದಲ್ಲಿ ಮುಗಿಯಿತು. ಜಡ್ಜ್ ಸಾಹೇಬರ ಲಿಖಿತ ದೂರನ್ನು ಓದಿ ಬದಿಗಿಟ್ಟರು. ಸಭೆಯ ನಿರ್ಣಯವನ್ನು ಟೈಪ್ ಮಾಡುವುದು ಗುಮಾಸ್ತನ ಕೆಲಸ. ಹಲಗೆ ಕಿತ್ತುಹೋದ ಬಾಗಿಲಿನ ಹಿಂದೆ, ಬರಿಗಾಲಲ್ಲಿ, ಕಾರ್ಯದರ್ಶಿ ಪೆನ್ಸಿಲಿನಲ್ಲಿ ಬರೆದುಕೊಟ್ಟ ಚೀಟಿ ನೋಡಿಕೊಂಡು ಅವನು ಯಂತ್ರಕ್ಕೆ ಕಾಗದ ಸಿಕ್ಕಿಸಿದ. ಹೆಂಡತಿ ಎದುರಿನ ಬೆಂಚಿನ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಅವಳ ಪಕ್ಕ ಮಾವ ಕೂತಿದ್ದರು. ಕೆಸರಿನಿಂದ ಕಿತ್ತು ತಂದ ಚಪ್ಪಲಿಯೊಂದು ಅವರ ಕೈಯಲ್ಲಿತ್ತು.

ನಿರ್ಣಯ ಹೀಗಿತ್ತು:

'ಪುಸ್ತಕದ ವಿಷಯದಲ್ಲಿ ಕ್ಲಬ್ಬಿನ ಗೌರವ ಉಳಿದದ್ದು ಸದರಿ ಗುಮಾಸ್ತರು ಹಂಗಾಮಿಯಾಗಿದ್ದುದರಿಂದಲೇ ಎಂಬುದನ್ನು ಸಭೆ ಮೆಚ್ಚುಗೆಯಿಂದ ದಾಖಲಿಸುತ್ತದೆ. ಮುಂದಿನ ವರ್ಷದ ಪುಸ್ತಕವನ್ನೂ ಅವರೇ ಬರೆಯತಕ್ಕದ್ದು. ಕ್ಲಬ್ಬಿನ ಹಿತದೃಷ್ಟಿಯಿಂದ ಅವರನ್ನು ಹಂಗಾಮಿಯಾಗಿ ಕಾಯಂ ಇರಿಸಿಕೊಳ್ಳತಕ್ಕದ್ದು.'

ಗುಮಾಸ್ತ ಒಂದು ಅಕ್ಷರ ತಪ್ಪದೆ ಟೈಪ್ ಮಾಡಿದ. ಕೊನೆಯ ಪೂರ್ಣವಿರಾಮವನ್ನು ಮಾತ್ರ ಹನ್ನೊಂದು ವರ್ಷದ ಬಲ ಕೂಡಿಸಿ ಒತ್ತಿದ. ಕಾಗದ ಹರಿದು ಆಚೆಗೆ ಬೆಳಕು ಕಂಡಿತು. ಒಂಬತ್ತು ಕುಳಿಗಳ ಆ ಮೈದಾನದಲ್ಲಿ ಅವನು ತಾನೇ ತೋಡಿದ್ದು ಅದೊಂದು ಹತ್ತನೆಯದು.

ಕಾಗದ ತೆಗೆದು ನೋಡಿದ ಕಾರ್ಯದರ್ಶಿ, ತೂತಾದ ಕಡೆ ಚಿಕ್ಕ ಸಹಿ ಹಾಕಲು ಹೇಳಿದರು.